ನರೇಗಲ್ಲಿನ ಸದ್ದು, ಅಕ್ಕನ ಫೋನು

ಧಾರವಾಡದಿಂದ ಹೊರಟ ನಾವು ಗದಗ ಮುಟ್ಟುವಷ್ಟರಲ್ಲಿ ಮೊಮ್ಮಗಳು ಚಿನ್ನಿಯ ಕೈಯಲ್ಲಿದ್ದ ಫೋನಿನ ಚಾರ್ಜು ಮುಗಿದಿತ್ತು. ಅದು ಅವಳಮ್ಮನ ಹಳೆಯ ಫೋನು. ಚಾರ್ಜು ಮುಗಿದಿದ್ದಕ್ಕೆ ನನಗೆ ಒಳಗೊಳಗೇ ಸಂತೋಷ. ಏಳನೆಯ ತರಗತಿ ಮುಗಿಸಿದ ಮೊಮ್ಮಗಳು ಬೇಸಿಗೆ ರಜೆಯಲ್ಲಿ ಅಜ್ಜನ ಜೊತೆ ಮಾತಾಡಬೇಕಾದರೆ ಈಗಿನ ಕಾಲದಲ್ಲಿ ಇಂಥದ್ದೊಂದು ಅನುಕೂಲ ಒದಗಿ ಬರಬೇಕು.

ಗದಗದ ಬಸ್ ನಿಲ್ದಾಣದಲ್ಲಿ ಗಜೇಂದ್ರಗಡದ ಬಸ್ಸಿಗೆ ಕಾಯುತ್ತಾ ಅವಳಿಗೆ ವೀರೇಶ್ವರ ಪುಣ್ಯಾಶ್ರಮದ ಕತೆ ಹೇಳಿದೆ. ಅದೇ ಊರಿನ ಆಶ್ರಮ. ಪಂಚಾಕ್ಷರಿ ಗವಾಯಿಗಳಿಗೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಆದರೂ ಪುಟ್ಟರಾಜರು ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ನುಡಿಸಿದರು, ಹಾಡಿದರು, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಬರೆದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಎಷ್ಟೋ ಮಂದಿ ಅಂಧ ಮಕ್ಕಳು ಆ ಆಶ್ರಮದಲ್ಲಿ ಸಂಗೀತ ಕಲಿತು ಹೊರಬಂದಿದ್ದಾರೆ.

"ಅವರಿಗೆ ಯಾರು ಬಂದರು ಅಂತ ಹ್ಯಾಂಗ ಗೊತ್ತಾಗತಿತ್ತು ಅಜ್ಜಾ?" ಎಂದು ಕೇಳಿದಳು.

"ಸದ್ದಿನಿಂದ. ಹೆಜ್ಜಿ ಸದ್ದು, ದನಿ, ಕೆಮ್ಮು."

ಅವಳು ಮತ್ತೇನೂ ಕೇಳಲಿಲ್ಲ. ನಾನೂ ಆ ಮಾತನ್ನು ಅಲ್ಲಿಗೇ ಮರೆತೆ. ನನ್ನ ತಲೆಯಲ್ಲಿ ಅಕ್ಕನ ಚಿಂತೆಯಿತ್ತು.

ಕೋಟುಮಚಗಿ ದಾಟಿದ ಮೇಲೆ ಎರಡೂ ಕಡೆ ಎರೆಹೊಲ. ಮೇ ತಿಂಗಳು, ಪೈರಿಲ್ಲ, ಹಸಿರಿಲ್ಲ. ಕಪ್ಪು ಮಣ್ಣು ಬಿಸಿಲಿಗೆ ಬಾಯಿ ಬಿಟ್ಟು, ಕೆಲವು ಬಿರುಕುಗಳಲ್ಲಿ ಅಂಗೈಯೇ ಇಳಿಯುವಂತಿತ್ತು. ಮಳೆ ಬಿದ್ದರೆ ಇದೇ ಮಣ್ಣು ಹೆಸರು ಬೆಳೆಯುತ್ತದೆ, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುತ್ತದೆ. ದೂರದಲ್ಲಿ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ನಾನು ಚಿಕ್ಕವನಿದ್ದಾಗ ಈ ಬಯಲಿನಲ್ಲಿ ಗಾಳಿ ಇತ್ತು, ಯಂತ್ರ ಇರಲಿಲ್ಲ. ಆಗ ನರೇಗಲ್ ಧಾರವಾಡ ಜಿಲ್ಲೆಯ ರೋಣ ತಾಲೂಕಿನಲ್ಲಿತ್ತು. 1997ರಲ್ಲಿ ಗದಗ ಜಿಲ್ಲೆಯಾಯಿತು, ಈಚೆಗೆ ಗಜೇಂದ್ರಗಡ ತಾಲೂಕಾಯಿತು. ಊರು ಇದ್ದಲ್ಲೇ ಇದೆ, ವಿಳಾಸ ಮಾತ್ರ ಎರಡು ಸಲ ಬದಲಾಯಿತು.

ಅಕ್ಕನಿಗೆ ಎಪ್ಪತ್ನಾಲ್ಕು. ಭಾವ ಹೋಗಿ ನಾಲ್ಕು ವರ್ಷ. ಮಗ ಬೆಂಗಳೂರಿನಲ್ಲಿ, ಮಗಳು ಬಾಗಲಕೋಟೆಯಲ್ಲಿ. ಹಳೆಯ ಮಾಳಿಗೆ ಮನೆಯಲ್ಲಿ ಅಕ್ಕ ಒಬ್ಬಳೇ ಇರುತ್ತಾಳೆ. ಗ್ಲಾಕೋಮಾ ಎಂಬ ಕಾಯಿಲೆ ಅವಳ ಕಣ್ಣಿನ ನರವನ್ನು ಸ್ವಲ್ಪ ಸ್ವಲ್ಪವೇ ತಿಂದಿದೆ. ಹೋದ ದೃಷ್ಟಿ ಮರಳುವುದಿಲ್ಲ. ಉಳಿದದ್ದನ್ನು ಕಾಯ್ದುಕೊಳ್ಳಲು ದಿನಾ ಹೊತ್ತಿಗೆ ಸರಿಯಾಗಿ ಕಣ್ಣಿಗೆ ಹನಿ ಹಾಕಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದಾರೆ. ಎದುರಿಗೆ ನಿಂತವರು ನೆರಳಿನಂತೆ ಕಾಣುತ್ತಾರೆ. ಫೋನಿನ ಮೇಲೆ ಬರುವ ಹೆಸರು ಕಾಣುವುದಿಲ್ಲ.

ಮಗ ಪ್ರೀತಿಯಿಂದ ಒಂದು ಒಳ್ಳೆಯ ಸ್ಮಾರ್ಟ್‌ಫೋನ್ ಕೊಡಿಸಿದ್ದ. ಅದರಿಂದಲೇ ತೊಂದರೆ ಶುರುವಾದದ್ದು. ಹಳೆಯ ಗುಂಡಿ ಫೋನಿನಲ್ಲಿ ಅಕ್ಕನಿಗೆ ಕೈ ಅಂದಾಜಿತ್ತು. (ಮಕ್ಕಳೇ, ಮನೆಯಲ್ಲಿ ಹಳೆಯ ಗುಂಡಿ ಫೋನ್ ಇದ್ದರೆ 5ರ ಗುಂಡಿಯನ್ನು ಬೆರಳಿನಿಂದ ಸವರಿ ನೋಡಿ. ಅದರ ಮೇಲೆ ಸಣ್ಣ ಉಬ್ಬು ಇರುತ್ತದೆ. ನೋಡದೆಯೇ ಉಳಿದ ಅಂಕಿಗಳನ್ನು ಹುಡುಕಲು ಅದು ದಾರಿ ತೋರಿಸುತ್ತದೆ.) ಹೊಸ ಫೋನು ಎಣ್ಣೆ ಹಚ್ಚಿದ ಕಡಪಾ ಕಲ್ಲಿನ ಹಾಗೆ ನುಣ್ಣಗಿತ್ತು. ಎಲ್ಲಿ ಮುಟ್ಟಿದರೂ ಒಂದೇ. ಯಾರೇ ಫೋನ್ ಮಾಡಲಿ, ಬಾರಿಸುವುದೂ ಒಂದೇ ರಾಗ.

ಆ ಒಂದೇ ರಾಗವನ್ನು ನಂಬಿ, ಒಂದು ಸಂಜೆ ಮಗನ ಫೋನೆಂದುಕೊಂಡು ಎತ್ತಿದ್ದಾಳೆ. ಬ್ಯಾಂಕಿನವನೆಂದು ಹೇಳಿಕೊಂಡ ಯಾರೋ ಒಬ್ಬ, ನಿಮ್ಮ ಖಾತೆ ಬಂದ್ ಆಗುತ್ತದೆ, ಫೋನಿಗೆ ಬಂದ ಆರು ಅಂಕಿ ಹೇಳಿ ಎಂದಿದ್ದಾನೆ. ಅಕ್ಕನಿಗೆ ಆ ಅಂಕಿ ಓದಲು ಬರಲಿಲ್ಲ. ಓದಿ ಹೇಳೆಂದು ಪಕ್ಕದ ಮನೆಯವಳನ್ನು ಕರೆದಳು. ಅವಳು ಬಂದು ವಿಷಯ ತಿಳಿದು ಫೋನ್ ಕಿತ್ತು ಕಡಿದಳು. ಕಣ್ಣು ಕಾಣದ್ದೇ ಅವತ್ತು ದುಡ್ಡು ಉಳಿಸಿತು. (ಇಂಥ ಮೋಸವಾದರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು. ಅಜ್ಜ ಅಜ್ಜಿಯರು ಇದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆಸಿಡಿ.)

ಅದಾದ ಮೇಲೆ ಅಕ್ಕ ಫೋನ್ ಎತ್ತುವುದನ್ನೇ ಬಿಟ್ಟಳು. ಮಗ ಹತ್ತು ಸಲ ಮಾಡಿದರೂ ಎತ್ತಲಿಲ್ಲ. ಅವನು ಗಾಬರಿಯಾಗಿ, ಜೂನ್ ಬರುವುದರೊಳಗೆ ಅವ್ವನನ್ನು ಬೆಂಗಳೂರಿಗೆ ಕರೆದೊಯ್ಯುತ್ತೇನೆ, ಮಾಮಾ, ನೀವೇ ಹೋಗಿ ಒಪ್ಪಿಸಿ ಎಂದ. ನಾನು ಬಂದದ್ದು ಆ ಕೆಲಸಕ್ಕೆ.

ಚಹಾ ಕುಡಿಯುತ್ತಾ ಮಾತು ತೆಗೆದೆ. ಅಕ್ಕ ಸಿಟ್ಟಾಗಲಿಲ್ಲ. ಎದ್ದು ನಡುಮನೆ ದಾಟಿ, ಅಡುಗೆಮನೆಯ ಹೊಸ್ತಿಲು ದಾಟಿ, ಹಿತ್ತಲ ಬಾಗಿಲ ಅಗಳಿ ತೆಗೆದು, ಹೊರಗಿನ ಹರವಿಯಿಂದ ಒಂದು ತಂಬಿಗೆ ನೀರು ತಂದು ನನ್ನ ಮುಂದಿಟ್ಟಳು. ಎಲ್ಲೂ ತಡವರಿಸಲಿಲ್ಲ, ಒಂದು ಹನಿ ಚೆಲ್ಲಲಿಲ್ಲ.

"ನೋಡಿದೇನು ತಮ್ಮಾ? ಈ ಮನಿ ಗ್ವಾಡಿ ನನಗ ಗೊತ್ತು, ಗ್ವಾಡಿಗೆ ನಾ ಗೊತ್ತು. ಇಲ್ಲಿ ನಾನು ಕುರುಡಿ ಅಲ್ಲ. ಬೆಂಗಳೂರಿಗೆ ಹೋದೆ ಅಂದ್ರ ಅವತ್ತ ಕುರುಡಿ ಆಗತೀನಿ."

ನನಗೆ ಉತ್ತರ ಹೊಳೆಯಲಿಲ್ಲ.

ಆಗ ಚಿನ್ನಿ ಕೇಳಿದಳು: "ಆಯಿ, ಫೋನು ಹೆಸರು ಹೇಳಿದರ ಎತ್ತೀಯೇನು?" ಯಾರು ಕರೆ ಮಾಡುತ್ತಿದ್ದಾರೆಂದು ಹೆಸರು ಓದಿ ಹೇಳುವ ಸೌಲಭ್ಯ ಅದರಲ್ಲಿತ್ತು. ಅದನ್ನು ಹಚ್ಚಿ ನನ್ನ ಫೋನಿನಿಂದ ಕರೆ ಮಾಡಿದೆ. ನನ್ನ ಹೆಸರನ್ನು ಅದು ಎಷ್ಟು ತಿರುಚಿ ಹೇಳಿತೆಂದರೆ, ಅಕ್ಕ, "ಇವ ಯಾವ ಊರಾಂವ?" ಎಂದಳು. ಅದು ಸರಿಯಾಗುತ್ತದೆಂದು ಹೇಳಿದರೂ ಒಪ್ಪಲಿಲ್ಲ. "ನನ್ನ ಮಗ ಫೋನ್ ಮಾಡಿದ್ದನ್ನ ಓಣಿಗೆಲ್ಲ ಡಂಗುರಾ ಹೊಡೀಬೇಕೇನು?"

ಮಾತು ಅಲ್ಲಿಗೆ ನಿಂತಿತೆಂದುಕೊಂಡೆ. ಅಷ್ಟರಲ್ಲಿ ಅಕ್ಕ ತಾನಾಗಿಯೇ ಹೇಳಿದಳು: "ನಾ ಮದಿವ್ಯಾಗಿ ಈ ಮನಿಗೆ ಬಂದಾಗ ಓಣಿ ತುಂಬ ಎತ್ತು ಇದ್ದೂ. ಒಬ್ಬೊಬ್ಬರ ಎತ್ತಿನ ಕೊರಳಾಗ ಒಂದೊಂದು ನಮೂನಿ ಗಂಟಿ. ಒಳಗ ರೊಟ್ಟಿ ಬಡಕೋತ ಕುಂತರೂ ಯಾರ ಚಕ್ಕಡಿ ಬಂತು ಅಂತ ಗೊತ್ತಾಗತಿತ್ತು. ಈ ಫೋನಿಗೆ ಒಂದ ಗಂಟಿ."

ಚಿನ್ನಿ ನನ್ನ ಮುಖ ನೋಡಿದಳು. ಗದಗದ ಬಸ್ ನಿಲ್ದಾಣದ ಮಾತು ಅವಳಿಗೂ ನೆನಪಾಗಿತ್ತೆಂದು ಕಾಣುತ್ತದೆ. "ಅಜ್ಜಾ, ಒಬ್ಬೊಬ್ಬರಿಗೆ ಒಂದೊಂದು ರಿಂಗ್‌ಟೋನ್ ಹಾಕಬಹುದು. ಸಿನಿಮಾ ಹಾಡಲ್ಲ. ಆಯಿಗೆ ಗೊತ್ತಿರೋ ಸದ್ದು. ಇದೇ ಊರಿಂದು."

ಹೀಗೆ ನಾವಿಬ್ಬರೂ ಮಾರನೆಯ ದಿನ ಬೆಳಗಿನಿಂದ ನರೇಗಲ್ಲಿನ ಓಣಿ ಓಣಿ ಸುತ್ತಿ ಸದ್ದು ಹುಡುಕಿದೆವು. ಈ ಊರಿಗೆ ಎಷ್ಟೋ ಸಲ ಬಂದಿದ್ದೇನೆ, ಕಿವಿ ತೆರೆದುಕೊಂಡು ಬಂದದ್ದು ಇದೇ ಮೊದಲು.

ಮೊದಲು ಹೋದದ್ದು ಹಿಟ್ಟಿನ ಗಿರಣಿಗೆ. ಬೆಂಗಳೂರಿನ ಮಗ ಚಿಕ್ಕವನಿದ್ದಾಗ ಜೋಳ ಬೀಸಿಸಲು ಹೋದರೆ ಮನೆಗೆ ಬರುತ್ತಲೇ ಇರಲಿಲ್ಲ, ಬೆಲ್ಟು ತಿರುಗುವುದನ್ನು ನೋಡುತ್ತಾ ನಿಂತುಬಿಡುತ್ತಿದ್ದ. ಇಂದು ಅವನು ಎಂಜಿನಿಯರು. ಗಿರಣಿಯ ಗುಂಯ್‌ಗುಡುವ ಸದ್ದು ಅವನದೇ ಎಂದು ಅಕ್ಕ ಹೇಳಿದ್ದಳು. ಚಿನ್ನಿ ಒಂದು ನಿಮಿಷ ಧ್ವನಿಮುದ್ರಿಸಿಕೊಂಡಳು. ಹೊರಗೆ ಬಂದು ಕೇಳಿದರೆ ಗುಂಯ್ ಎಲ್ಲೋ ಮಾಯ! ಸೊಳ್ಳೆ ಹಾಡಿದಂತೆ ಏನೋ ಒಂದು ಬರುತ್ತಿತ್ತು.

ಇದಕ್ಕೆ ಕಾರಣವಿದೆ. ಫೋನಿನ ಸ್ಪೀಕರು ಹುಣಸೆಬೀಜದಷ್ಟು ಚಿಕ್ಕದು. ತಗ್ಗು ದನಿ ಹೊರಡಿಸಲು ತುಂಬ ಗಾಳಿಯನ್ನು ಅಲುಗಾಡಿಸಬೇಕು. ಅಷ್ಟು ಶಕ್ತಿ ಅದಕ್ಕಿಲ್ಲ. ಅದಕ್ಕೇ ಡೊಳ್ಳಿನ ಸದ್ದು ಫೋನಿನಲ್ಲಿ ಡಬ್ಬಿ ಬಡಿದಂತೆ ಕೇಳುತ್ತದೆ. ಇನ್ನೊಂದು ಕಡೆ, ವಯಸ್ಸಾದಂತೆ ನಮ್ಮ ಕಿವಿ ಮೊದಲು ಕಳೆದುಕೊಳ್ಳುವುದು ಬಹಳ ಏರು ದನಿಗಳನ್ನು. ಹೀಗಾಗಿ ಅಜ್ಜಿಯ ಫೋನಿಗೆ ತಗ್ಗೂ ಅಲ್ಲದ, ತೀರಾ ಏರೂ ಅಲ್ಲದ ನಡುವಿನ ಸದ್ದು ಬೇಕು. ನಾವು ಮಾತಾಡುವ ದನಿ ಇರುವುದೂ ಆ ನಡುವೆಯೇ. ಟೆಲಿಫೋನ್ ಹುಟ್ಟಿದ ಮೇಲೆ ಬಹುಕಾಲ ತಂತಿಯಲ್ಲಿ ಹರಿದದ್ದು ಸುಮಾರು 300ರಿಂದ 3,400 ಹರ್ಟ್ಜ್ ವರೆಗಿನ ಸದ್ದು ಮಾತ್ರ. ಮನುಷ್ಯನ ಮಾತು ತಿಳಿಯಲು ಅಷ್ಟು ಸಾಕು.

ಗಿರಣಿಯವರು ನಮ್ಮ ಪೇಚಾಟ ನೋಡಿ ನಕ್ಕರು. ಒಂದು ಡಬ್ಬಿ ಹಿಟ್ಟು ತುಂಬಿದ ಮೇಲೆ ಅದು ಕೆಳಗೆ ಕೂರಲೆಂದು ಪಕ್ಕಕ್ಕೆ ಅಂಗೈಯಿಂದ ಬಡಿದರು: ಟಪ್, ಟಪ್, ಟಪಾಟಪ್. "ಇದ!" ಎಂದು ಚಿನ್ನಿ ಕೂಗಿದಳು. ಇನ್ನೆರಡು ಸಲ ಬಡಿಯಲು ಕೇಳಿಕೊಂಡಳು. ಪಾಪ, ಅವರು ಖಾಲಿ ಡಬ್ಬಿಯನ್ನೂ ಬಡಿದು ತೋರಿಸಿದರು. ಮಗನ ಸದ್ದು ಸಿಕ್ಕಿತು.

ಅಲ್ಲಿಂದ ನಾರಾಯಣ ದೇವಾಲಯಕ್ಕೆ ಹೋದೆವು. ಹೆಸರು ನಾರಾಯಣನದು, ಕಟ್ಟಿದ್ದು ಜೈನ ಬಸದಿಯಾಗಿ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 950ರಲ್ಲಿ, ಗಂಗರ ಬೂತುಗನ ರಾಣಿ ಪದ್ಮಬ್ಬರಸಿ ಇದನ್ನು ಕಟ್ಟಿಸಿದಳು. ರಾಷ್ಟ್ರಕೂಟರ ಕಾಲದ ದೊಡ್ಡ ಗುಡಿಗಳಲ್ಲಿ ಇದೂ ಒಂದು. ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಹೆಣ್ಣುಮಗಳು ಇಷ್ಟು ಕಲ್ಲು ಹೊರಿಸಿದ್ದಾಳೆ ಎಂದು ಹೇಳಿದಾಗ ಚಿನ್ನಿ ಕಂಬವನ್ನು ಅಂಗೈಯಿಂದ ಸವರಿ ನೋಡಿದಳು. ಒಳಗೆ ಮಾತಾಡಿದರೆ ಕಲ್ಲು ಮಾತನ್ನು ಹಿಂದಕ್ಕೆ ಕಳಿಸುತ್ತದೆ. ನಾನು ಚಪ್ಪಾಳೆ ತಟ್ಟಿದೆ. ಅವಳು ಮುದ್ರಿಸಿಕೊಂಡಳು. ಕೇಳಿದರೆ ಚಪ್ಪಾಳೆಯ ಜೊತೆ ಅದರ ಪ್ರತಿಧ್ವನಿಯೂ ಸೇರಿ ಎಲ್ಲ ಕಲಸುಮೇಲೋಗರ. ಸದ್ದಿನ ಮೂಲಕ್ಕೆ ಫೋನನ್ನು ಒಂದು ಮೊಳ ಹತ್ತಿರ ಹಿಡಿಯಬೇಕೆಂದು ಅಲ್ಲಿ ಕಲಿತೆವು.

ನನಗೆ ಮಾತ್ರ ಗುಡಿಯ ಗಂಟೆಯೇ ನನ್ನ ಸದ್ದಾಗಲಿ ಎಂಬ ಆಸೆ. ಮನೆಗೆ ಬಂದು ಹೇಳಿದೆ. ಅಕ್ಕ ಬಿಲ್‌ಕುಲ್ ಒಪ್ಪಲಿಲ್ಲ. "ಗಂಟಿ ಕೇಳಿದರ ಕೈ ಮುಗಿಲ್ಯೋ, ಫೋನ್ ಎತ್ತಲ್ಯೋ? ನೀ ಏನ್ ದೇವರೇನು?"

ಮಗಳ ಸದ್ದನ್ನು ಅಕ್ಕನೇ ಆರಿಸಿದಳು. ರೊಟ್ಟಿ ಬಡಿಯುವ ಸದ್ದು. ಬಾಗಲಕೋಟೆಯ ಮಗಳು ಹತ್ತು ವರ್ಷದವಳಿದ್ದಾಗ ಇದೇ ಒಲೆಯ ಮುಂದೆ, ಇದೇ ಕೊಣಮಿಗೆಯಲ್ಲಿ ಕಲಿತದ್ದಂತೆ. ಅಕ್ಕ ಹಿಟ್ಟು ನಾದಿ ಕೂತಳು. ಪಟ ಪಟ ಪಟ, ನಡುವೆ ರೊಟ್ಟಿ ತಿರುಗಿಸುವಾಗ ಒಂದು ಚಿಕ್ಕ ವಿರಾಮ, ಮತ್ತೆ ಪಟ ಪಟ. ಜೊತೆಗೆ ಬಳೆಯ ಸದ್ದು. ಬಳೆ ತೆಗೆಯಲೇ ಎಂದು ಅಕ್ಕ ಕೇಳಿದಳು. ಬೇಡ ಎಂದೆವು. ಆ ರೊಟ್ಟಿಗಳನ್ನು ಬದನೆಕಾಯಿ ಎಣಗಾಯಿ ಜೊತೆ ತಿಂದೆವು; ಧ್ವನಿಮುದ್ರಣದ ಕೆಲಸ ಇಷ್ಟು ರುಚಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಪಕ್ಕದ ಮನೆಯವಳಿಗೆ ಅವಳ ಎಮ್ಮೆಯ ಕೂಗು. ಇದು ಚಿನ್ನಿಯ ತುಂಟತನ. ಸಂಜೆ ಗಾಳಿ ಎದ್ದಿತ್ತು, ಮೊದಲ ಸಲ ಬರೀ ಭರ್ರೋ ಎಂಬ ಸದ್ದೇ ಬಂತು. ಫೋನಿನ ಮೈಕಿನ ತೂತಿನ ಮೇಲೆ ನನ್ನ ಕರವಸ್ತ್ರದ ಒಂದು ಪದರ ಹಿಡಿದಾಗ ಸರಿಹೋಯಿತು. ಕೊಟ್ಟಿಗೆಯ ಮುಂದೆ ಅರ್ಧ ತಾಸು ಕಾದೆವು. ಎಮ್ಮೆಗೆ ನಮ್ಮ ಅವಸರ ಅರ್ಥವಾಗಲಿಲ್ಲ. ಕೊನೆಗೆ ಕರುವನ್ನು ಆಚೆ ಕಟ್ಟಿದಾಗ ಒದರಿತು.

ನನ್ನ ಸದ್ದು ಯಾವುದೆಂದು ಮಾತ್ರ ಅವಳು ನನಗೆ ಹೇಳಲಿಲ್ಲ.

ಇದನ್ನು ಮಾಡುವುದು ಕಷ್ಟವಲ್ಲ, ನೀವೂ ಮಾಡಬಹುದು. ಫೋನಿನ ರೆಕಾರ್ಡರಿನಲ್ಲಿ ಹತ್ತರಿಂದ ಹದಿನೈದು ಸೆಕೆಂಡಿನ ಸದ್ದು ತೆಗೆದುಕೊಳ್ಳಿ. ಮೊದಲ ಕ್ಷಣದಿಂದಲೇ ಸದ್ದು ಇರಬೇಕು, ಮುಂದೆ ಖಾಲಿ ಜಾಗ ಇರಬಾರದು. ಆಮೇಲೆ ಕಾಂಟ್ಯಾಕ್ಟ್ಸ್‌ನಲ್ಲಿ ಆ ವ್ಯಕ್ತಿಯ ಹೆಸರು ತೆರೆದು, ಬಹುಪಾಲು ಆಂಡ್ರಾಯ್ಡ್ ಫೋನುಗಳಲ್ಲಿ ಮೂಲೆಯ ಮೂರು ಚುಕ್ಕಿ ಒತ್ತಿದರೆ ರಿಂಗ್‌ಟೋನ್ ಬದಲಿಸುವ ದಾರಿ ಸಿಗುತ್ತದೆ. ಇದು ಕರೆ ಬಂದವರಿಗೆ ಮಾತ್ರ ಕೇಳುತ್ತದೆ, ಮಾಡಿದವರಿಗಲ್ಲ. ಮಾಡಿದವರಿಗೆ ಕೇಳುವ ಕಾಲರ್ ಟ್ಯೂನ್ ಬೇರೆ. ಮೊದಲ ಅಕ್ಷರ ತಪ್ಪದ ಹಾಗೆ ಸದ್ದು ಶುರುವಾಗಬೇಕೆಂದು ಹೇಳಿದ್ದಕ್ಕೂ ಕಾರಣವುಂಟು. ನಮ್ಮ ದೇಶದಲ್ಲಿ ಮೊಬೈಲಿಗೆ ಬಂದ ಕರೆ 30 ಸೆಕೆಂಡು ಬಾರಿಸಬೇಕೆಂದು 2019ರಲ್ಲಿ ಟ್ರಾಯ್ ಗೊತ್ತು ಮಾಡಿತು. ಎತ್ತದಿದ್ದರೆ ಅಷ್ಟಕ್ಕೇ ಕರೆ ಕಡಿಯುತ್ತದೆ. ಅಕ್ಕ ಹಿತ್ತಲಲ್ಲಿದ್ದರೆ ಫೋನಿನ ತನಕ ಬರಲು ಎಷ್ಟು ಹೊತ್ತು ಬೇಕೆಂದು ಚಿನ್ನಿ ಎಣಿಸಿದಳು. ಇಪ್ಪತ್ತೆರಡು. ಯಾರೆಂದು ಯೋಚಿಸಲು ಉಳಿಯುವುದು ಎಂಟೇ ಸೆಕೆಂಡು.

ಒಂದು ಕಾಲಕ್ಕೆ ಎಲ್ಲರ ಜೇಬಿನಲ್ಲೂ ಬಾರಿಸುತ್ತಿದ್ದ ನೋಕಿಯಾ ರಾಗ ನೆನಪಿದೆಯೇ? ಅದು ಸ್ಪೇನ್ ದೇಶದ ಗಿಟಾರ್ ವಿದ್ವಾಂಸ ಫ್ರಾನ್ಸಿಸ್ಕೊ ತಾರ್ರೆಗಾ 1902ರಲ್ಲಿ ರಚಿಸಿದ ಒಂದು ಕೃತಿಯ ತುಣುಕು. ಬಸ್ಸಿನಲ್ಲಿ ಅದು ಬಾರಿಸಿದರೆ ಹತ್ತು ಜನ ಜೇಬು ಮುಟ್ಟಿಕೊಳ್ಳುತ್ತಿದ್ದರು. ನಾನೂ ಮುಟ್ಟಿಕೊಂಡಿದ್ದೇನೆ, ಫೋನನ್ನು ಮನೆಯಲ್ಲಿ ಬಿಟ್ಟು ಬಂದ ದಿನವೂ.

ಅಪರಿಚಿತರಿಗೆ ಯಾವ ಸದ್ದು? ಇದರ ಮೇಲೆ ನಮ್ಮಲ್ಲಿ ಜಗಳವೇ ಆಯಿತು. ಸಾಮಾನ್ಯ ರಿಂಗ್‌ಟೋನನ್ನು ತೆಗೆದುಹಾಕಿಬಿಡೋಣ, ಹೆಸರು ಸೇರಿಸಿದವರ ಸದ್ದು ಮಾತ್ರ ಕೇಳಲಿ ಎಂದಳು ಚಿನ್ನಿ. ಆಸ್ಪತ್ರೆಯಿಂದಲೋ ಗ್ಯಾಸಿನವರಿಂದಲೋ ಬಂದರೆ ಎಂದೆ ನಾನು. ಅಕ್ಕ ತೀರ್ಪು ಕೊಟ್ಟಳು: "ಗ್ಯಾಸಿನಾಂವ ಬಾಗಲಾಗ ನಿಂತು ಒದರತಾನ. ದವಾಖಾನಿ ನಂಬರ್ ಬರಕೊಂಡು ಅದಕ್ಕೊಂದು ಸದ್ದು ಹಾಕ್ರಿ. ಉಳಿದವರಿಗೆ ನನ್ನ ಮನಿಯಾಗ ಸದ್ದಿಲ್ಲ." ಹಾಗೆಯೇ ಮಾಡಿದೆವು.

ಕರೆ ಎತ್ತುವುದಕ್ಕೂ ಒಂದು ಉಪಾಯ ಸಿಕ್ಕಿತು. ಆ ಫೋನಿನಲ್ಲಿ ಧ್ವನಿ ಹೆಚ್ಚಿಸುವ ಗುಂಡಿ ಒತ್ತಿದರೆ ಕರೆ ಸ್ವೀಕರಿಸುವ ಹಾಗೆ ಮಾಡಿಕೊಳ್ಳಬಹುದಿತ್ತು. ಗುಂಡಿ ಬೆರಳಿಗೆ ಸಿಗಲೆಂದು ಚಿನ್ನಿ ಅದರ ಮೇಲೆ ಒಂದು ಹನಿ ಉಗುರುಬಣ್ಣ ಹಾಕಿ ಒಣಗಿಸಿದಳು. 5ರ ಗುಂಡಿಯ ಉಬ್ಬು ಮರಳಿ ಬಂದಂತಾಯಿತು. ಅಕ್ಕ ತಾನೇ ಕರೆ ಮಾಡಲು ತೆರೆಯ ನಾಲ್ಕು ಮೂಲೆಗೆ ನಾಲ್ಕು ಜನರನ್ನು ಕೂರಿಸಿದಳು. ಎಡ, ಬಲ ಎಂದರೆ ಅಕ್ಕನಿಗೆ ಒಗ್ಗಲಿಲ್ಲ. ಚಾರ್ಜರ್ ಚುಚ್ಚುವ ತೂತು ತನ್ನ ಕಡೆಗಿಟ್ಟುಕೊಂಡು, "ದೇವರ ಕೋಲಿ ಮೂಲಿಗೆ ಮಗ, ಒಲಿ ಮೂಲಿಗೆ ಮಗಳು, ಹಿತ್ತಲ ಮೂಲಿಗೆ ಬಾಜೂ ಮನಿ, ಕಟ್ಟಿ ಮೂಲಿಗೆ ತಮ್ಮ" ಎಂದು ತನ್ನ ಮನೆಯ ನಕ್ಷೆಯನ್ನೇ ಫೋನಿನ ಮೇಲೆ ಹಾಸಿಬಿಟ್ಟಳು. ಎರಡೇ ಸಲಕ್ಕೆ ಬಂತು.

ಎಲ್ಲ ಮುಗಿದ ಮೇಲೆ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅವರ ನಂಬರಿಗೆ ಏನ್ ಹಾಕಿದ್ರಿ?"

ಭಾವನ ನಂಬರು ಇನ್ನೂ ಪಟ್ಟಿಯಲ್ಲಿತ್ತು. ಬಳಸದೆ ಬಿಟ್ಟ ನಂಬರನ್ನು ಕಂಪನಿಯವರು ಕೆಲವು ತಿಂಗಳಿಗೆ ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಅದು ಈಗ ಯಾರ ಜೇಬಿನಲ್ಲಿದೆಯೋ. ನಾನು ಹೇಗೆ ಹೇಳಲಿ ಎಂದು ತಡವರಿಸಿದೆ. ಅಕ್ಕನೇ ಮುಂದುವರಿಸಿದಳು. ಭಾವ ಹೊಲದಿಂದ ಬರುವಾಗ ಓಣಿಯ ತಿರುವಿನಲ್ಲಿ ಸೈಕಲ್ ಗಂಟೆಯನ್ನು ಎರಡು ಸಲ ಬಾರಿಸುತ್ತಿದ್ದರಂತೆ. ಅದು ಕೇಳಿದ ಮೇಲೆಯೇ ಅಕ್ಕ ಹಂಚಿನ ಮೇಲೆ ರೊಟ್ಟಿ ಹಾಕುತ್ತಿದ್ದಳು. ಊಟಕ್ಕೆ ಕೂರುವಷ್ಟರಲ್ಲಿ ಬಿಸಿ ಇರಲೆಂದು.

ಸೈಕಲ್ಲು ಪಡಸಾಲೆಯಲ್ಲಿ ಗೋಡೆಗೆ ಒರಗಿತ್ತು. ಗಾಳಿ ಹೋದ ಟೈರು, ಮೇಲೆ ಧೂಳು. ಚಿನ್ನಿ ಗಂಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಬಾರಿಸಿದಳು. ಟ್ರಿಣ್, ಟ್ರಿಣ್. ಏರು ದನಿ, ಅಕ್ಕನ ಕಿವಿಗೆ ಬೀಳುತ್ತದೋ ಇಲ್ಲವೋ ಎಂದು ಸಂಶಯವಿತ್ತು. ಅಡುಗೆಮನೆಯಿಂದ, "ಹೂಂ, ಅದ" ಎಂದಳು.

ಆ ಸದ್ದನ್ನು ನಾವು ಯಾವ ನಂಬರಿಗೂ ಹಾಕಲಿಲ್ಲ. ಅಲಾರಾಮಿಗೆ ಹಾಕಿದೆವು. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ, ಕಣ್ಣಿಗೆ ಹನಿ ಹಾಕಿಕೊಳ್ಳುವ ಹೊತ್ತಿಗೆ. ಮೊದಲ ರಾತ್ರಿ ಅದು ಬಾರಿಸಿದಾಗ ಅಕ್ಕ ಕೂತಲ್ಲಿಂದ ಎದ್ದು ಸೆರಗು ಸರಿಮಾಡಿಕೊಂಡಳು. ಆಮೇಲೆ ಔಷಧದ ಬಾಟಲಿ ತೆಗೆದುಕೊಂಡಳು.

ಧಾರವಾಡಕ್ಕೆ ಮರಳಿದ ಸಂಜೆ ಫೋನ್ ಮಾಡಿದೆ. ಎರಡನೆಯ ಸಲ ಬಾರಿಸುವಷ್ಟರಲ್ಲಿ ಎತ್ತಿ, "ಆಗೇತಿ, ಬಾ ಕುಡಿ" ಎಂದಳು. ನನಗೆ ತಲೆಬುಡ ತಿಳಿಯಲಿಲ್ಲ. ಚಿನ್ನಿ ಬಿದ್ದು ಬಿದ್ದು ನಕ್ಕಳು. ನಾನು ಕಟ್ಟೆಯ ಮೇಲೆ ಕೂತು, ಎರಡು ಸಲ ಕೆಮ್ಮಿ, "ಅಕ್ಕಾ, ಚಹಾ ಆತೇನು?" ಎಂದು ಕೇಳಿದ್ದನ್ನು ಅವಳು ಕಳ್ಳತನದಿಂದ ಮುದ್ರಿಸಿಕೊಂಡಿದ್ದಳು.

ಜೂನಿನಲ್ಲಿ ಮಗ ನರೇಗಲ್ಲಿಗೆ ಬಂದ. ಎರಡು ದಿನ ಇದ್ದು ಎಲ್ಲ ನೋಡಿದ, ಹಿತ್ತಲಿನಿಂದ ಅವ್ವ ನಡೆದು ಬಂದು ಕರೆ ಎತ್ತುವುದನ್ನೂ ನೋಡಿದ. ಒಬ್ಬನೇ ಬೆಂಗಳೂರಿಗೆ ಮರಳಿದ. ದೀಪಾವಳಿಗೆ ಮತ್ತೆ ಕೇಳುತ್ತೇನೆ ಎಂದಿದ್ದಾನೆ, ಕೇಳಲಿ.

ಒಂದು ತೊಂದರೆ ಉಳಿದಿದೆ. ಪಕ್ಕದ ಮನೆಯ ಎಮ್ಮೆ ನಿಜವಾಗಿ ಒದರಿದಾಗಲೆಲ್ಲ ಅಕ್ಕ ಓಡಿಬಂದು ಫೋನ್ ಹಿಡಿದು "ಹಲೋ" ಎನ್ನುತ್ತಿದ್ದಾಳಂತೆ. ದಸರಾ ರಜೆಗೆ ಹೋದಾಗ ಅದನ್ನು ಬದಲಿಸಬೇಕು. ಏನು ಹಾಕುವುದೆಂದು ಚಿನ್ನಿ ಇನ್ನೂ ಯೋಚಿಸುತ್ತಿದ್ದಾಳೆ.